ಗಾಳಿಯ ಲೆಕ್ಕಕ್ಕೆ ನೆಲದ ಸಾಕ್ಷಿ

ಹೊಲ ಮತ್ತು ಹವಾಮಾನ: ಓದುಗರ ಪ್ರಶ್ನೆ, ತಜ್ಞರ ಉತ್ತರ. ಈ ಸಲ ಹಾವೇರಿ ಜಿಲ್ಲೆಯ ಪತ್ರಗಳು.

ಪ್ರಶ್ನೆ: ಮೇ ತಿಂಗಳ ಅಡ್ಡಮಳೆಗೆ ನಮ್ಮ ಬಾಳೆ ಪೂರಾ ನೆಲಕಚ್ಚಿತು. ಹತ್ತಿರದ ಹವಾಮಾನ ಕೇಂದ್ರದ ಲೆಕ್ಕದಲ್ಲಿ ಮಾತ್ರ ಆ ಸಂಜೆ ಗಾಳಿ ಅಂಥ ಜೋರಿರಲಿಲ್ಲವಂತೆ. ಯಂತ್ರ ಕೆಟ್ಟಿತ್ತೇ?
— ಬಾಳೆ ಬೆಳೆಗಾರರು, ಹೊಸರಿತ್ತಿ

ಉತ್ತರ: ಯಂತ್ರ ಕೆಡದೆಯೂ ಹೀಗಾಗುತ್ತದೆ. ಗುಡುಗು ಮೋಡದಿಂದ ನೆಲಕ್ಕೆ ಬಡಿಯುವ ಗಾಳಿಯ ಹರವು ಕೆಲವೇ ಕಿಲೋಮೀಟರ್. ವರದಾ ದಂಡೆಯ ನಿಮ್ಮ ತೋಟಕ್ಕೆ ಬಿದ್ದ ಹೊಡೆತ ಕೇಂದ್ರದ ಕಂಬವನ್ನು ಮುಟ್ಟದೇ ಹೋಗಿರಬಹುದು.

ಇನ್ನೊಂದು ಕಾರಣವನ್ನು ನಾವು ಮರೆಯುವುದೇ ಹೆಚ್ಚು. ಗಾಳಿಮಾಪಕ ಅಳೆಯುವುದು ತನ್ನ ಸುತ್ತಲಿನ ನೆಲ ಹಾಯ್ದು ಬಂದ ಗಾಳಿಯನ್ನು. ಮನೆ, ಮರ, ಬೇಲಿ, ಎತ್ತರದ ಬೆಳೆ ಎಲ್ಲವೂ ಅದರ ವೇಗ ತಗ್ಗಿಸುತ್ತವೆ. ಈ ತಡೆಗೆ ನೆಲದ ಒರಟುತನ ಎನ್ನುತ್ತಾರೆ. ಅದನ್ನು ಮೀಟರಿನಲ್ಲಿ ಹೇಳುವುದು ರೂಢಿ: ತೆರೆದ ನೀರಿಗೆ 0.0002, ಗಿಡ್ಡ ಹುಲ್ಲಿನ ಬಯಲಿಗೆ 0.03, ಎತ್ತರದ ಬೆಳೆ ಮತ್ತು ಅಲ್ಲಲ್ಲಿ ಮರಗಳಿರುವ ಕಡೆ 0.25, ಮನೆ, ತೋಪು ಹೆಚ್ಚಿರುವ ಕಡೆ 0.5. ಇವು ಮರ, ಮನೆಗಳ ಎತ್ತರವಲ್ಲ. ಅವು ಗಾಳಿಯನ್ನು ಎಷ್ಟು ತಡೆಯುತ್ತವೆ ಎಂಬುದರ ಅಳತೆ.

10 ಮೀಟರ್ ಎತ್ತರದ ಎರಡು ಕಂಬಗಳನ್ನು ಯೋಚಿಸಿ. ಮನೆ, ತೋಪುಗಳ ನಡುವಿನ ಕಂಬ ಗಂಟೆಗೆ 40 ಕಿ.ಮೀ. ತೋರಿಸಿದರೆ, ಅದೇ ಗಾಳಿ ತೆರೆದ ಬಯಲಿನ ಕಂಬದಲ್ಲಿ ಸುಮಾರು 49 ಆಗುತ್ತದೆ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಬಯಲಿನ ಬಾಳೆಗೆ ಬೀಳುವ ಹೊರೆ ಒಂದೂವರೆ ಪಟ್ಟು. ಇದು ಮುಂಗಾರಿನ ಎಡೆಬಿಡದ ಗಾಳಿಗೆ ಸರಿಹೊಂದುವ ಲೆಕ್ಕ. ಅಡ್ಡಮಳೆಯ ಬಿರುಸಿಗೆ ಬರೀ ಅಂದಾಜು.

ಪ್ರಶ್ನೆ: ನಮ್ಮ ವಿದ್ಯಾರ್ಥಿಗಳು ಒಂದು ಹವಾಮಾನ ಕೇಂದ್ರದ ಸುತ್ತಲಿನ ಒರಟುತನ ಕಂಡುಹಿಡಿಯಬಹುದೇ? ದುಬಾರಿ ಉಪಕರಣ ಬೇಕೇ?
— ವಿಜ್ಞಾನ ಶಿಕ್ಷಕಿ, ರಾಣೆಬೆನ್ನೂರು

ಉತ್ತರ: ಖಂಡಿತ ಮಾಡಬಹುದು, ಮೊಬೈಲ್ ಕ್ಯಾಮೆರಾ ಸಾಕು. ಕಂಬದ ಬುಡದಲ್ಲಿ ನಿಂತು ಎಂಟು ದಿಕ್ಕಿಗೂ ಚಿತ್ರ ತೆಗೆಯಿರಿ. 10 ಮೀಟರ್ ಕಂಬವಾದರೆ ಪ್ರತಿ ದಿಕ್ಕಿನಲ್ಲಿ ಸುಮಾರು ಒಂದು ಕಿಲೋಮೀಟರ್ ನಡೆದು, ಏನೇನಿದೆ ಎಂದು ಬರೆದುಕೊಳ್ಳಿ. ಒಂದೊಂದು ದಿಕ್ಕಿಗೂ ಬೇರೆಯದೇ ಅಂಕಿ ಬರುತ್ತದೆ. ನಿಮ್ಮ ಕೃಷ್ಣಮೃಗ ಅಭಯಾರಣ್ಯವನ್ನೇ ನೋಡಿ: ಹುಲ್ಲುಗಾವಲಿನ ಮೇಲೆ ಬರುವ ಗಾಳಿ ಬೇರೆ, ನೀಲಗಿರಿ ನೆಡುತೋಪು ದಾಟಿ ಬರುವ ಗಾಳಿ ಬೇರೆ. ಮುಂಗಾರು ಬೀಸುವ ಪಶ್ಚಿಮ ಮತ್ತು ನೈಋತ್ಯ ದಿಕ್ಕುಗಳಿಗೆ ಹೆಚ್ಚು ಗಮನ ಕೊಡಿ.

ಋತುವನ್ನೂ ಮರೆಯಬೇಡಿ. ಬೆಳೆಯ ಎತ್ತರದ ಹತ್ತನೇ ಒಂದು ಭಾಗವೇ ಅದರ ಒರಟುತನ ಎಂಬುದು ಒಳ್ಳೆಯ ಅಂದಾಜು. ಏಪ್ರಿಲ್‌ನಲ್ಲಿ ಬರಿದಾಗಿ ಬಿದ್ದ ಎರೆ ಹೊಲದಲ್ಲಿ ಸೆಪ್ಟೆಂಬರ್ ಹೊತ್ತಿಗೆ ಆಳೆತ್ತರ ಮೀರಿ ಗೋವಿನಜೋಳ ನಿಂತಿರುತ್ತದೆ. ಎರಡು ಮೀಟರ್ ಬೆಳೆಗೆ 0.2. ಕಂಬ ಅಲ್ಲೇ ಇದ್ದರೂ ಅದು ನಿಂತ ನೆಲದ ಗುಣ ಬದಲಾಗಿರುತ್ತದೆ.

ಕೇಂದ್ರದ ದಾಖಲೆ ಸಿಕ್ಕರೆ ಕಣ್ಣಂದಾಜನ್ನು ತಾಳೆ ನೋಡಬಹುದು. ಒರಟು ನೆಲದ ಮೇಲೆ ಬರುವ ಗಾಳಿಯಲ್ಲಿ ಏರಿಳಿತ ಜಾಸ್ತಿ. ಹತ್ತು ಹತ್ತು ನಿಮಿಷದ ದಾಖಲೆಯಲ್ಲಿ ವೇಗದ ಪ್ರಮಾಣ ವಿಚಲನೆಯನ್ನು ಸರಾಸರಿ ವೇಗದಿಂದ ಭಾಗಿಸಿ. 10 ಮೀಟರ್ ಎತ್ತರದಲ್ಲಿ ಉತ್ತರ ಸುಮಾರು 0.17 ಬಂದರೆ ಅದು ತೆರೆದ ಬಯಲು, 0.27 ಬಂದರೆ ಒರಟುತನ 0.25ರ ಆಸುಪಾಸು. ಗಾಳಿ ಜೋರಾಗಿದ್ದ ಹೊತ್ತಿನ ಅಂಕಿಗಳನ್ನಷ್ಟೇ ಆರಿಸಿ, ದಿಕ್ಕುವಾರು ವಿಂಗಡಿಸಿ.

ಪ್ರಶ್ನೆ: ಇದೆಲ್ಲ ಚಂಡಮಾರುತ ಬರುವ ಕಡಲ ಊರುಗಳಿಗೆ ಬೇಕು. ಮೆಣಸಿನಕಾಯಿ ದಾಸ್ತಾನಿಗೆ ತಗಡಿನ ಶೆಡ್ ಕಟ್ಟಿಸುವ ನಮಗೇಕೆ?
— ವ್ಯಾಪಾರಸ್ಥರು, ಬ್ಯಾಡಗಿ

ಉತ್ತರ: ಈ ವಿದ್ಯೆಗೆ ಒತ್ತು ಸಿಕ್ಕಿದ್ದು ಕಡಲ ತೀರದಲ್ಲಿ ಎಂಬುದು ನಿಜ. 1992ರಲ್ಲಿ ಆಂಡ್ರ್ಯೂ ಚಂಡಮಾರುತ ಅಮೆರಿಕದ ಫ್ಲಾರಿಡಾಕ್ಕೆ ಬಡಿದ ಮೇಲೆ, ಬೇರೆ ಬೇರೆ ಕಡೆಯ ಅಳತೆಗಳನ್ನು ಒಂದೇ ಬಗೆಯ ತೆರೆದ ನೆಲದ ಲೆಕ್ಕಕ್ಕೆ ತಂದ ನಂತರವೇ ವಿಜ್ಞಾನಿಗಳು ಗಾಳಿಯ ನಕ್ಷೆ ಬಿಡಿಸಿದರು. ಅಲ್ಲಿನ ಕೇಂದ್ರಗಳ ಸುತ್ತಲ ನೆಲವನ್ನು ಚಿತ್ರಸಮೇತ ದಾಖಲಿಸಿದ ಕೆಲಸ 2004ರಲ್ಲಿ ಪ್ರಕಟವಾಯಿತು.

ಆದರೆ ನಿಮ್ಮ ಶೆಡ್ಡಿಗೂ ಅದೇ ನಿಯಮ. ಭಾರತೀಯ ಮಾನಕ ಐಎಸ್ 875ರ ಮೂರನೇ ಭಾಗ (2015) ನೆಲವನ್ನು ನಾಲ್ಕು ವರ್ಗ ಮಾಡುತ್ತದೆ. ಅದರ ಗಾಳಿ ನಕ್ಷೆಯ ವೇಗಗಳು ಎರಡನೇ ವರ್ಗದ, ಅಂದರೆ ತೆರೆದ ಬಯಲಿನ, 10 ಮೀಟರ್ ಎತ್ತರದ ವೇಗಗಳು. ಪೇಟೆಯ ನಡುವೆ ಒತ್ತಾದ ಕಟ್ಟಡಗಳ ಮರೆಯಿರುತ್ತದೆ. ಊರ ಹೊರಗೆ ಹೊಲದಂಚಿನಲ್ಲಿ ಕಟ್ಟುವ ಶೆಡ್ಡಿಗೆ ಆ ಮರೆ ಇಲ್ಲ. ಪೇಟೆಯೊಳಗಿನ ಲೆಕ್ಕ ಹಿಡಿದು ಅಲ್ಲಿ ತಗಡು ಬಿಗಿಸಿದರೆ ಛಾವಣಿ ಹಾರುವ ಅಪಾಯವಿದೆ. ನಿಮ್ಮ ಎಂಜಿನಿಯರರನ್ನು ಯಾವ ನೆಲವರ್ಗ ಹಿಡಿದಿದ್ದೀರಿ ಎಂದು ಕೇಳಿ, ಬರೆಸಿಕೊಳ್ಳಿ.

ಪ್ರಶ್ನೆ: ಹವಾಮಾನ ಕಂಬದ ಹತ್ತಿರ ಬೇವಿನ ಮರವಿದೆ. ಕಡಿಸಬೇಕೇ?
— ಪಂಚಾಯಿತಿ ಸದಸ್ಯರು, ಹಾವೇರಿ ತಾಲ್ಲೂಕು

ಉತ್ತರ: ಬೇಡ. ಹೊಸ ಗಾಳಿಮಾಪಕವನ್ನು ಅಡ್ಡವಿರುವ ವಸ್ತುವಿನ ಎತ್ತರಕ್ಕಿಂತ ಕನಿಷ್ಠ ಹತ್ತು ಪಟ್ಟು ದೂರದಲ್ಲಿ ನಿಲ್ಲಿಸಬೇಕು ಎಂಬುದು ವಿಶ್ವ ಹವಾಮಾನ ಸಂಸ್ಥೆಯ ಮಾರ್ಗದರ್ಶನ: 10 ಮೀಟರ್ ಮರಕ್ಕೆ 100 ಮೀಟರ್. ಮಳೆಮಾಪಕಕ್ಕೆ ಎರಡು ಪಟ್ಟಾದರೂ ಅಂತರವಿರಲಿ. ಈಗಾಗಲೇ ನಿಂತಿರುವ ಕಂಬಕ್ಕೆ ಮರ ಯಾವ ದಿಕ್ಕಿನಲ್ಲಿದೆ, ಎಷ್ಟು ದೂರ, ಎಷ್ಟು ಎತ್ತರ ಎಂದು ಪಂಚಾಯಿತಿ ವಹಿಯಲ್ಲಿ ಬರೆದಿಡಿ. ಪಕ್ಕದಲ್ಲಿ ಹೊಸ ಕಟ್ಟಡ ಎದ್ದರೆ ಅದರ ತಾರೀಖನ್ನೂ ಸೇರಿಸಿ. ಇಲ್ಲವಾದರೆ ನಾಳೆ ಅಂಕಿಗಳನ್ನು ಓದುವವರು, ಕಟ್ಟಡದಿಂದ ತಗ್ಗಿದ ಗಾಳಿಯನ್ನು ಹವಾಮಾನವೇ ಬದಲಾಗಿ ತಗ್ಗಿತು ಎಂದು ತಿಳಿಯುತ್ತಾರೆ. ಬಿತ್ತನೆಗೆ ಮುಂಚೆ ಒಮ್ಮೆ, ಬೆಳೆ ಎತ್ತರಕ್ಕೆ ಬಂದಾಗ ಒಮ್ಮೆ ಎಂಟು ದಿಕ್ಕಿನ ಚಿತ್ರ ತೆಗೆದು ತಾರೀಖು ಹಾಕಿ ಇಟ್ಟರೆ, ನಿಮ್ಮ ಕೇಂದ್ರದ ಪ್ರತಿ ಅಂಕಿಯನ್ನೂ ಮುಂದಿನವರು ಸರಿಯಾಗಿ ಬಳಸಬಲ್ಲರು.