ಲೆಕ್ಕಪುಸ್ತಕಕ್ಕೆ ಬಾರದ ವೆಚ್ಚ

ಅಸಲನ್ನೇ ತೆಗೆದು ಖರ್ಚು ಮಾಡುತ್ತ, ಅದನ್ನು ಲಾಭವೆಂದು ಬರೆದುಕೊಳ್ಳುವ ಅಂಗಡಿ ಹೆಚ್ಚು ಕಾಲ ಬಾಳದು. ಈ ಮಾತನ್ನು ವ್ಯಾಪಾರಿ ಬಾಂಧವರಿಗೆ ಯಾರೂ ಕಲಿಸಬೇಕಾಗಿಲ್ಲ. ಪರಿಸರ ವಿಜ್ಞಾನದ ಮೂಲತತ್ತ್ವವೂ ಇದಕ್ಕಿಂತ ಬೇರೆಯಲ್ಲ. ನೀರು, ಗಾಳಿ, ಮಣ್ಣು, ಮರಗಳು ಉದ್ಯಮದ ಬಂಡವಾಳವೇ ಆಗಿದ್ದರೂ ನಮ್ಮ ಆಸ್ತಿ-ಹೊಣೆ ಪಟ್ಟಿಯಲ್ಲಿ ಅವುಗಳಿಗೆ ಸ್ಥಾನವಿಲ್ಲ. ಈ ಲೋಪದ ಪರಿಣಾಮವನ್ನು ನಮ್ಮ ಸುತ್ತಲಿನ ನಿದರ್ಶನಗಳಿಂದಲೇ ಪರಿಶೀಲಿಸೋಣ.

1. ಅಸಲು ಮತ್ತು ಬಡ್ಡಿ

ಆನಗೋಡು ಭಾಗದ ಬಹುಪಾಲು ಭೂಮಿ ಮಳೆಯನ್ನೂ ಕೆರೆಯನ್ನೂ ಕೊಳವೆಬಾವಿಯನ್ನೂ ನೆಚ್ಚಿಕೊಂಡಿದೆ. ಅಂತರ್ಜಲವು ಠೇವಣಿಯಿದ್ದಂತೆ, ವರ್ಷವರ್ಷವೂ ಇಂಗುವ ಮಳೆನೀರು ಅದರ ಬಡ್ಡಿ. ಬಡ್ಡಿಗಿಂತ ಹೆಚ್ಚು ಎತ್ತಿದಾಗ ಅಸಲು ಕರಗುತ್ತದೆ, ಕೊಳವೆಬಾವಿ ಆಳಕ್ಕಿಳಿಯುತ್ತದೆ, ವಿದ್ಯುತ್ ಬಿಲ್ಲು ಏರುತ್ತದೆ.

ಠೇವಣಿಗೆ ಜಮಾ ಮಾಡುವ ಮಾರ್ಗವೂ ನಮ್ಮ ಕೈಯಲ್ಲಿದೆ. ಒಂದು ಚದರ ಮೀಟರ್ ಛಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಮೆಕ್ಕೆಜೋಳದ ಗೋದಾಮೊಂದರ ಛಾವಣಿ 1,000 ಚದರ ಮೀಟರ್, ವಾರ್ಷಿಕ ಮಳೆ 600 ಮಿಲಿಮೀಟರ್ ಎಂದು ಹಿಡಿದರೆ 6 ಲಕ್ಷ ಲೀಟರ್ ಆಯಿತು. ಐದನೆಯ ಒಂದು ಭಾಗ ನಷ್ಟವೆಂದು ಕಳೆದರೂ 4 ಲಕ್ಷ 80 ಸಾವಿರ ಲೀಟರ್ ಉಳಿಯುತ್ತದೆ.

2. ಬಾಹ್ಯ ವೆಚ್ಚ

ನಾವು ಮಾಡಿದ ವೆಚ್ಚವನ್ನು ಬೇರೆಯವರು ಭರಿಸುವುದಾದರೆ ಅರ್ಥಶಾಸ್ತ್ರವು ಅದನ್ನು ಬಾಹ್ಯ ವೆಚ್ಚವೆಂದು ಕರೆಯುತ್ತದೆ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ಹಳೆಯ ಟೈರು ಸುಡುವ ಪದ್ಧತಿ ಇದಕ್ಕೆ ನಿದರ್ಶನ. ಟೈರಿನಲ್ಲಿ ಶಾಖ ಹೆಚ್ಚು, ಬೆಲೆ ಕಡಿಮೆ. ಆದುದರಿಂದ ಭಟ್ಟಿಯ ಲೆಕ್ಕದಲ್ಲಿ ಅದು ಲಾಭವಾಗಿಯೇ ತೋರುತ್ತದೆ. ಆದರೆ ರಬ್ಬರಿನ ಗಂಧಕ ಮತ್ತು ಸತುವಿನ ಅಂಶಗಳು ಹೊಗೆಯಲ್ಲಿ ಸೇರಿ, ಮೊದಲು ಭಟ್ಟಿಯ ಕಾರ್ಮಿಕನ ಶ್ವಾಸಕೋಶವನ್ನು, ಅನಂತರ ನೆರೆಮನೆಯನ್ನು ತಲುಪುತ್ತವೆ. ಆಸ್ಪತ್ರೆಯ ಚೀಟಿ ಅವರ ಮನೆಯ ಖರ್ಚಿಗೆ ಬೀಳುತ್ತದೆ.

2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ವಾಯು ಕಾರ್ಯಕ್ರಮದಲ್ಲಿ, ಗಾಳಿಯ ಗುಣಮಟ್ಟ ಮಿತಿಯೊಳಗಿಲ್ಲದ ಕರ್ನಾಟಕದ ನಾಲ್ಕು ನಗರಗಳಲ್ಲಿ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿಗಳೊಡನೆ ದಾವಣಗೆರೆಯೂ ಸೇರಿತು. ಇದಕ್ಕೆ ಭಟ್ಟಿಗಳೊಂದೇ ಕಾರಣವಲ್ಲ. ರಸ್ತೆಯ ಧೂಳು, ವಾಹನ, ಕಸ ಸುಡುವಿಕೆಗಳಿಗೂ ಪಾಲಿದೆ. ಹಾಗೆಂದು ನಮ್ಮ ಪಾಲು ಇಲ್ಲವಾಗದು. ಪರ್ಯಾಯ ಉರುವಲು ನಮ್ಮ ಅಕ್ಕಿ ಗಿರಣಿಗಳಲ್ಲಿಯೇ ಇದೆ. ಒಂದು ಟನ್ ಭತ್ತದಿಂದ ಸುಮಾರು 200 ಕಿಲೋ ಹೊಟ್ಟು ಬರುತ್ತದೆ. ಅದನ್ನು ಸರಿಯಾದ ಒಲೆಯಲ್ಲಿ ಸುಟ್ಟರೆ ಸುಮಾರು 40 ಕಿಲೋ ಬೂದಿ ಉಳಿಯುತ್ತದೆ. ಸಿಲಿಕಾ ಹೇರಳವಾಗಿರುವ ಆ ಬೂದಿಗೂ ಸಿಮೆಂಟು, ಇಟ್ಟಿಗೆ ತಯಾರಿಕೆಯಲ್ಲಿ ಉಪಯೋಗವಿದೆ.

3. ಬರೆಯದ ಬಾಕಿ ಮರಳಿ ಬರುವ ಬಗೆ

ಹರಿಹರದ ನದಿಯಾಚೆ ಕುಮಾರಪಟ್ಟಣದಲ್ಲಿರುವ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಗೆ ಮರದ ತಿರುಳೊದಗಿಸಲು ಸರ್ಕಾರದ ಸಹಭಾಗಿತ್ವದಲ್ಲಿ 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ಸ್ ಲಿಮಿಟೆಡ್ ಸ್ಥಾಪನೆಯಾಯಿತು. ನೀಲಗಿರಿ ಬೆಳೆಸಲು ಸುಮಾರು 30,000 ಹೆಕ್ಟೇರ್ ಭೂಮಿಯನ್ನು ಗೊತ್ತುಮಾಡಲಾಯಿತು. ಕಾಗದದ ಮೇಲೆ ಅದು ಪಾಳುಭೂಮಿ. ಹಳ್ಳಿಗರಿಗೆ ಮೇವು, ಸೌದೆಗಳ ನೆಲೆ. ಈ ಉಪಯೋಗಕ್ಕೆ ಯೋಜನಾ ವೆಚ್ಚದಲ್ಲಿ ಬೆಲೆ ಕಟ್ಟಿರಲಿಲ್ಲ. 1987ರ ನವೆಂಬರ್ 14ರಂದು ಹಾನಗಲ್ ತಾಲೂಕಿನ ಕುಸನೂರಿನಲ್ಲಿ ಸಮಾಜ ಪರಿವರ್ತನ ಸಮುದಾಯದ ನೇತೃತ್ವದಲ್ಲಿ 'ಕಿತ್ತಿಕೋ-ಹಚ್ಚಿಕೋ' ಸತ್ಯಾಗ್ರಹ ನಡೆಯಿತು. ಜನರು ನೀಲಗಿರಿ ಸಸಿಗಳನ್ನು ಕಿತ್ತು ತಮಗೆ ಬೇಕಾದ ಸಸಿಗಳನ್ನು ನೆಟ್ಟರು. ವಿಷಯ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. 1991ರಲ್ಲಿ ಕಂಪನಿಯನ್ನೇ ಮುಚ್ಚಲಾಯಿತು. ಲೆಕ್ಕಕ್ಕೆ ಹಿಡಿಯದ ಬಾಕಿ ಬಡ್ಡಿಸಹಿತ ವಸೂಲಿಗೆ ಬಂದುದಕ್ಕೆ ಇದಕ್ಕಿಂತ ಸಮೀಪದ ಸಾಕ್ಷ್ಯ ಬೇಡ.

4. ಕಾನೂನಿನ ನಿಲುವು

1974ರ ಜಲ ಕಾಯ್ದೆ ಮತ್ತು 1981ರ ವಾಯು ಕಾಯ್ದೆಗಳ ಸಮ್ಮತಿಪತ್ರಗಳ ವಿಚಾರ ಸದಸ್ಯರಿಗೆ ತಿಳಿದೇ ಇದೆ. ವೆಲ್ಲೂರಿನ ಚರ್ಮ ಹದಮಾಡುವ ಘಟಕಗಳ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ, ಮಾಲಿನ್ಯಕ್ಕೆ ಕಾರಣನಾದವನೇ ಅದರ ವೆಚ್ಚ ಭರಿಸಬೇಕೆಂಬ ತತ್ತ್ವವು ದೇಶದ ಕಾನೂನಿನ ಭಾಗವೆಂದು ಸಾರಿತು. ಹಾನಿಗೊಂಡವರ ಪರಿಹಾರ ಮಾತ್ರವಲ್ಲದೆ, ಕೆಟ್ಟ ಪರಿಸರವನ್ನು ಸರಿಪಡಿಸುವ ವೆಚ್ಚವೂ ಅದರಲ್ಲಿ ಸೇರುತ್ತದೆ. ಜಲ ಉಪಕರವು 2017ರ ಜುಲೈ 1ರಿಂದ ರದ್ದಾಯಿತು, ನಿಜ. ಆದರೆ ಉಪಕರ ಹೋದುದರಿಂದ ನೀರಿನ ಬೆಲೆ ಹೋಗಲಿಲ್ಲ.

5. ಆರಂಭಿಸಬೇಕಾದ ಕ್ರಮ

ದಾಸ್ತಾನು ಪುಸ್ತಕದ ಪಕ್ಕದಲ್ಲಿ ಇನ್ನೊಂದು ಪುಸ್ತಕವಿರಲಿ. ಪ್ರತಿ ತಿಂಗಳೂ ಎತ್ತಿದ ನೀರು, ಸುಟ್ಟ ಉರುವಲು, ಬಳಸಿದ ವಿದ್ಯುತ್ತು, ಹೊರಹಾಕಿದ ತ್ಯಾಜ್ಯ, ಈ ನಾಲ್ಕನ್ನು ಬರೆಯಿರಿ. ಪ್ರತಿಯೊಂದನ್ನೂ ಆ ತಿಂಗಳ ಉತ್ಪಾದನೆಯಿಂದ ಭಾಗಿಸಿರಿ. ಒಂದು ಕ್ವಿಂಟಲಿಗೆ ತಗಲುವ ನೀರು ಅಥವಾ ಉರುವಲು ಹಿಂದಿನ ತಿಂಗಳಿಗಿಂತ ಹೆಚ್ಚಿದ್ದರೆ ಎಲ್ಲಿಯೋ ಸೋರಿಕೆಯಿದೆ. ಅದನ್ನು ಹುಡುಕಿ ತಡೆದರೆ ಮೊದಲ ಉಳಿತಾಯ ನಿಮ್ಮದೇ, ಎರಡನೆಯದು ನೆರೆಯವರದು.

ಮಾರ್ಚ್ ಅಂತ್ಯಕ್ಕೆ ಲೆಕ್ಕ ಮುಗಿಸುವಾಗ ಲಾಭದ ಅಂಕಿಯ ಎದುರು ಒಂದು ಪ್ರಶ್ನೆಯನ್ನೂ ಹಾಕಿಕೊಳ್ಳಬೇಕು: ಇದರಲ್ಲಿ ನಾವು ದುಡಿದದ್ದೆಷ್ಟು, ಊರಿನ ಅಸಲಿನಿಂದ ತೆಗೆದದ್ದೆಷ್ಟು?