ಅರಳು ಮರಳೋ, ರೋಗವೋ?

‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆ ನಮ್ಮ ಮನೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಹಿರಿಯರ ತಪ್ಪನ್ನು ಮನ್ನಿಸುವ ಮಾತದು. ಆದರೆ ರೋಗವನ್ನು ಮರೆಮಾಡುವ ಮಾತೂ ಹೌದು. ವಯಸ್ಸಾದಂತೆ ಹೆಸರುಗಳು ತಡವಾಗಿ ನೆನಪಾಗುವುದು ಸಹಜ. ನಿತ್ಯ ನಡೆದಾಡಿದ ಓಣಿಯಲ್ಲೇ ದಾರಿ ತಪ್ಪುವುದು, ಉಂಡ ಅರ್ಧ ಗಂಟೆಗೆ ‘ಇನ್ನೂ ಊಟವಾಗಿಲ್ಲ’ ಎನ್ನುವುದು, ನೋಟು ಎಣಿಸಲು ತಡವರಿಸುವುದು ಸಹಜವಲ್ಲ. ಅವು ಡಿಮೆನ್ಷಿಯಾ ಎಂಬ ಮರೆವಿನ ರೋಗದ ಲಕ್ಷಣಗಳಾಗಿರಬಹುದು. 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನದ ಅಂದಾಜಿನಂತೆ, ಭಾರತದಲ್ಲಿ 60 ವರ್ಷ ದಾಟಿದವರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಈ ರೋಗವಿದೆ. ನಗರಗಳಿಗಿಂತ ಹಳ್ಳಿಗಳಲ್ಲಿ, ಪುರುಷರಿಗಿಂತ ಮಹಿಳೆಯರಲ್ಲಿ ಅದರ ಪ್ರಮಾಣ ಹೆಚ್ಚು.

ಆಸ್ಪತ್ರೆಗೆ ಬಾರದ ಇಂತಹ ಹಿರಿಯರನ್ನು ಅವರ ಊರಿನಲ್ಲಿಯೇ ಗುರುತಿಸುವುದು ಹೇಗೆ? 1975ರಲ್ಲಿ ಅಮೆರಿಕದ ಫೋಲ್‌ಸ್ಟೀನ್ ದಂಪತಿಗಳು ಮೆಕ್‌ಹ್ಯೂ ಅವರೊಡನೆ ರೂಪಿಸಿದ 30 ಅಂಕಗಳ ಪ್ರಶ್ನಾವಳಿ ಜಗತ್ತಿನಾದ್ಯಂತ ಬಳಕೆಗೆ ಬಂದಿತು. ಅದರಲ್ಲಿ ಓದಬೇಕು, ಒಂದು ವಾಕ್ಯ ಬರೆಯಬೇಕು, 100ರಿಂದ ಏಳೇಳನ್ನು ಕಳೆಯುತ್ತ ಹೋಗಬೇಕು. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿ ಇಲ್ಲಿ ಅಂಕ ಕಳೆದುಕೊಂಡರೆ ಅದು ಅಕ್ಷರದ ಕೊರತೆಯೇ ಹೊರತು ನೆನಪಿನ ಕೊರತೆಯಲ್ಲ. ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ 1990ರ ದಶಕದಲ್ಲಿ ದುಡಿದ ಭಾರತ ಹಾಗೂ ಅಮೆರಿಕದ ಸಂಶೋಧಕರು ಇದನ್ನು ಮನಗಂಡು ಪ್ರಶ್ನೆಗಳನ್ನೇ ಬದಲಿಸಿದರು. ವಾಕ್ಯ ಬರೆಯಿಸುವ ಬದಲು ‘ನಿಮ್ಮ ಮನೆಯ ಬಗ್ಗೆ ಏನಾದರೂ ಹೇಳಿ’ ಎಂದರು. ‘ಕಣ್ಣು ಮುಚ್ಚಿ’ ಎಂಬ ಬರಹವನ್ನು ಓದಿಸುವ ಬದಲು ತಾವೇ ಕಣ್ಣು ಮುಚ್ಚಿ, ತಮ್ಮಂತೆ ಮಾಡಲು ಹೇಳಿದರು. ಜೊತೆಗೆ, ಹಿರಿಯರು ದಿನನಿತ್ಯದ ಕೆಲಸಗಳನ್ನು ಹೇಗೆ ನಿಭಾಯಿಸುತ್ತಿದ್ದಾರೆಂದು ಮನೆಯವರನ್ನು ಬೇರೆಯಾಗಿ ವಿಚಾರಿಸಿದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸಿದ್ಧಪಡಿಸಿದ ಇಂತಹ ಪರೀಕ್ಷೆಗಳು ಈಗ ಕನ್ನಡದಲ್ಲಿಯೂ ಇವೆ.

ಮನೆಯವರ ಮಾತೇ ನಮಗೆ ಹೆಚ್ಚು ಮುಖ್ಯವೆನಿಸುತ್ತದೆ. ಆದರೆ ಮನೆಯವರಿಗೂ ರೋಗ ಬೇಗ ಕಾಣುವುದಿಲ್ಲ. ಅಡುಗೆಯನ್ನು ಸೊಸೆ, ಹಣದ ಲೆಕ್ಕವನ್ನು ಮಗ ವಹಿಸಿಕೊಂಡಿರುವ ಮನೆಯಲ್ಲಿ ಹಿರಿಯರು ತಪ್ಪುವುದಕ್ಕೆ ಕೆಲಸವಾದರೂ ಎಲ್ಲಿ ಉಳಿದಿರುತ್ತದೆ? ಮೇಲಾಗಿ, ಹಳೆಯ ನೆನಪು ಬಹುಕಾಲ ಗಟ್ಟಿಯಾಗಿರಬಲ್ಲದು. ಬಾಲ್ಯದಲ್ಲಿ ಬಾಯಿಪಾಠ ಮಾಡಿದ ವಚನಗಳನ್ನು ಸರಾಗವಾಗಿ ಹೇಳುವ ಅಜ್ಜನಿಗೆ ಮರೆವಿಲ್ಲವೆಂದು ನಾವು ನಿಶ್ಚಿಂತರಾಗುತ್ತೇವೆ; ಅವರಿಗೆ ನಿನ್ನೆ ಬಂದು ಹೋದ ಮಗಳ ನೆನಪಿದೆಯೇ ಎಂದು ಗಮನಿಸುವುದಿಲ್ಲ.

ಪ್ರಾಥಮಿಕ ತಪಾಸಣೆಯಲ್ಲಿ ಕಡಿಮೆ ಅಂಕ ಬಂದ ಮಾತ್ರಕ್ಕೆ ರೋಗವಿದೆಯೆಂದು ತೀರ್ಮಾನಿಸುವಂತಿಲ್ಲ. ವೈದ್ಯರನ್ನು ಕಾಣಬೇಕೆಂಬುದಷ್ಟೇ ಅದರ ಅರ್ಥ. ಥೈರಾಯ್ಡ್ ಕೊರತೆ, ಖಿನ್ನತೆ, ಕೆಲವು ನಿದ್ರೆಮಾತ್ರೆಗಳು, ಬಿದ್ದ ಪೆಟ್ಟಿನಿಂದ ತಲೆಯೊಳಗೆ ಹೆಪ್ಪುಗಟ್ಟಿದ ರಕ್ತ ಕೂಡ ಮರೆವನ್ನು ತರುತ್ತವೆ, ಅವುಗಳಿಗೆ ಚಿಕಿತ್ಸೆಯಿದೆ. ಸಸ್ಯಾಹಾರಿಗಳು ಬಿ-12 ಜೀವಸತ್ವದ ಕೊರತೆಯನ್ನು ವಿಶೇಷವಾಗಿ ನೆನಪಿಡಬೇಕು. ಅದು ರಕ್ತಪರೀಕ್ಷೆಯಿಂದ ತಿಳಿಯುತ್ತದೆ; ಚುಚ್ಚುಮದ್ದು ಅಥವಾ ಮಾತ್ರೆಯಿಂದ ತುಂಬಿಕೊಳ್ಳುತ್ತದೆ. ತಡಮಾಡಿದರೆ ನರಗಳಿಗಾದ ಹಾನಿ ಪೂರ್ತಿ ವಾಸಿಯಾಗದೆ ಉಳಿಯಬಹುದು.

ಬಂದವರೆದುರು ‘ಇಂದು ಯಾವ ವಾರ, ಹೇಳು ನೋಡೋಣ’ ಎಂದು ಹಿರಿಯರನ್ನು ಪರೀಕ್ಷಿಸುವುದು ತರವಲ್ಲ. ಕಳೆದ ಆರು ತಿಂಗಳಲ್ಲಿ ಏನೇನು ಬದಲಾಯಿತೆಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ಸೇವಿಸುತ್ತಿರುವ ಎಲ್ಲ ಮಾತ್ರೆಗಳೊಡನೆ ವೈದ್ಯರ ಬಳಿಗೆ ಕರೆದೊಯ್ಯಿರಿ. ಕನ್ನಡಕವನ್ನೂ ಕಿವಿಯ ಯಂತ್ರವನ್ನೂ ಮರೆಯದಿರಿ. ಪ್ರಶ್ನೆ ಕೇಳಿಸದವರು ಉತ್ತರಿಸದಿದ್ದರೆ ಅದನ್ನು ಮರೆವೆಂದು ಎಣಿಸುವ ಸಂಭವವಿದೆ.