ಬಂಗಾರದ ಹಾವಿನ ಕಣ್ಣು ನೋಡಿ

ನಮ್ಮ ತುಬಚಿಯಲ್ಲಿ ಕಬ್ಬಿನ ಕಟಾವು ಶುರುವಾಯಿತೆಂದರೆ ನನ್ನ ಫೋನಿಗೆ ಬಿಡುವಿಲ್ಲ. ರವದಿಯೊಳಗೆ ಇಲಿ, ಇಲಿಯ ಹಿಂದೆ ಹಾವು. ಹಾವಿನ ಬಗ್ಗೆ ಅಷ್ಟಿಷ್ಟು ಓದಿಕೊಂಡವನು ಅಂತ ಜನ ನನ್ನನ್ನು ಕೇಳುತ್ತಾರೆ. ಈಚೆಗಂತೂ ಹೊಲದ ಹಾವಿಗಿಂತ ಮೊಬೈಲಿನ ಹಾವಿನ ವಿಚಾರಣೆಯೇ ಜಾಸ್ತಿ. ನಾಗರ ಪಂಚಮಿ ಹತ್ತಿರ ಬಂದಾಗ ಒಂದು ವಿಡಿಯೊ ತಪ್ಪದೆ ಬರುತ್ತದೆ: ಬೆಳ್ಳನೆ ಮೈ, ಅದರ ಮೇಲೆ ಅರಿಸಿನದ ಮಚ್ಚೆ, ಕೆಂಪು ಕಣ್ಣು. ಕೆಳಗೊಂದು ಪ್ರಶ್ನೆ: "ಕಾಕಾ, ಬಂಗಾರದ ಹಾವು ಜಮಖಂಡಿ ಕಡೆ ಸಿಕ್ಕೈತಂತ, ಖರೇ ಏನು?"

ಖರೆ ಅಲ್ಲ. ಅದು ಬರ್ಮಾ ಹೆಬ್ಬಾವು, ವಿದೇಶದಲ್ಲಿ ಯಾರೋ ಮನೆಯಲ್ಲಿ ಸಾಕಿದ ಆಲ್ಬಿನೊ, ಅಂದರೆ ಹುಟ್ಟಿನಿಂದಲೇ ಬಣ್ಣದ ಕೊರತೆ ಇರುವ ಹಾವು. ಅಮೆರಿಕದ ಬಾಬ್ ಕ್ಲಾರ್ಕ್ ಎಂಬುವವರು 1980ರ ದಶಕದಲ್ಲಿ ಇಂಥವನ್ನು ಮರಿ ಮಾಡಿಸಿದ ಮೇಲೆ ಅವು ಜಗತ್ತೆಲ್ಲ ಹರಡಿದವು.

ಬಣ್ಣವೇ ಇಲ್ಲದ ಹಾವು ಹಳದಿ ಹೇಗೆ ಅಂತ ನನಗೂ ಬಹಳ ದಿನ ಅನುಮಾನವಿತ್ತು. ನಮ್ಮ ಚರ್ಮಕ್ಕೆ ಬಣ್ಣ ಕೊಡುವುದು ಮುಖ್ಯವಾಗಿ ಮೆಲನಿನ್ ಎಂಬ ಕಪ್ಪು ವರ್ಣಕ. ಹಾವಿನಲ್ಲಿ ಹಾಗಲ್ಲ, ಕಪ್ಪಿನ ಕೋಶ ಬೇರೆ, ಹಳದಿ-ಕೆಂಪಿನ ಕೋಶ ಬೇರೆ, ಬೆಳಕನ್ನು ಪ್ರತಿಫಲಿಸುವ ಕೋಶ ಮತ್ತೊಂದು. ಆಲ್ಬಿನೊದಲ್ಲಿ ಕಪ್ಪು ಮಾತ್ರ ಕೈಕೊಡುತ್ತದೆ, ಅದರಿಂದ ಮಸುಕಾಗಿದ್ದ ಹಳದಿ ಎದ್ದು ಕಾಣುತ್ತದೆ. ಮೈಮೇಲಿನ ಚಿತ್ತಾರ ಅಳಿಯುವುದಿಲ್ಲ. ಕಣ್ಣಿನಲ್ಲೂ ಕಪ್ಪು ಇಲ್ಲದ್ದರಿಂದ ರಕ್ತದ ಕೆಂಪು ಹೊರಗೆ ಕಾಣುತ್ತದೆ.

ಅದಕ್ಕೇ ನಾನು ಮೊದಲು ಕೇಳುವುದು ಕಣ್ಣು. ಮೈಯೆಲ್ಲ ಬಿಳಿ, ಕಣ್ಣು ಮಾತ್ರ ಕಪ್ಪೋ ನೀಲಿಯೋ ಆಗಿದ್ದರೆ ಅದು ಆಲ್ಬಿನೊ ಅಲ್ಲ, ಲ್ಯೂಸಿಸಂ ಎಂಬ ಇನ್ನೊಂದು ಸ್ಥಿತಿ. ಮೈ ಮಾಸಿ ಕಣ್ಣಿಗೆ ನೀಲಿ ಮಂಜು ಕವಿದಿದ್ದರೆ ಅದು ಪೊರೆ ಬಿಡಲು ತಯಾರಾದ ಮಾಮೂಲಿ ಹಾವು. ಊರಲ್ಲಿ ನನಗೆ ತೋರಿಸಿದ 'ಬಿಳಿ ನಾಗರ'ಗಳಲ್ಲಿ ಬಹುಪಾಲು ಇವೇ. ಆ ಹೊತ್ತಿಗೆ ಅದಕ್ಕೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ಸಿಡುಕು ಹೆಚ್ಚು. ಕೈಮುಗಿಯಲು ಹತ್ತಿರ ಹೋಗುವವರಿಗೆ ಇದನ್ನು ಹೇಳಿ ಹೇಳಿ ಸಾಕಾಗಿದೆ.

ಆಲ್ಬಿನೊ ಗುಣ ಅಪ್ಪನಿಂದೊಂದು, ಅವ್ವನಿಂದೊಂದು ಎರಡೂ ಕಡೆಯಿಂದ ಬಂದರೆ ಮಾತ್ರ ಹೊರಬೀಳುತ್ತದೆ. ಒಂದೇ ಕಡೆಯಿಂದ ಬಂದರೆ ಮುತ್ತಜ್ಜನ ಸಾಲದ ಹಾಗೆ ತಲೆಮಾರುಗಟ್ಟಲೆ ಸುಮ್ಮನಿರುತ್ತದೆ. ಒಳಗೊಳಗೇ ಅದನ್ನು ಹೊತ್ತ ಎರಡು ಹಾವು ಕೂಡಿದರೆ ಪ್ರತಿ ಮೊಟ್ಟೆಗೂ ನಾಲ್ಕರಲ್ಲೊಂದು ಪಾಲಿನ ಸಂಭವ. ಹಾಗಾಗಿ ಸಾಕುವವರು ಬಣ್ಣದ ಆಸೆಗೆ ಹತ್ತಿರದ ಸಂಬಂಧದಲ್ಲೇ ಕೂಡಿಸುವುದುಂಟು. ಅದರಿಂದ ಮರಿಗಳಿಗೆ ಏನು ತೊಂದರೆಯಾಗುತ್ತದೆಂದು ಮುಧೋಳ ನಾಯಿ ಸಾಕುವ ನಮ್ಮ ಕಡೆಯವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಮಜ ಕೇಳಿ. ಎರಡು ಆಲ್ಬಿನೊ ಕೂಡಿದರೂ ಮರಿಗಳೆಲ್ಲ ಮಾಮೂಲಿ ಬಣ್ಣದವು ಆಗಬಹುದು! ಕೆಟ್ಟ ಜೀನ್ ಇದರಲ್ಲೊಂದು, ಅದರಲ್ಲಿ ಬೇರೊಂದು ಆಗಿದ್ದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಆಫ್ರಿಕಾದ ಬಾಲ್ ಪೈಥಾನ್ ಹಾವುಗಳಲ್ಲಿ ಈ ಜೀನ್‌ಗಳನ್ನು 2022ರಲ್ಲಿ ಅಮೆರಿಕದ ಸಂಶೋಧಕರು ಗುರುತಿಸಿದರು. ಆಲ್ಬಿನೊದಲ್ಲಿ ಕೆಟ್ಟದ್ದು ಮೆಲನಿನ್ ತಯಾರಿಸುವ ಟೈರೋಸಿನೇಸ್ ಕಿಣ್ವದ ಜೀನ್, ಲ್ಯಾವೆಂಡರ್ ಆಲ್ಬಿನೊ ಎಂಬ ಇನ್ನೊಂದು ಬಗೆಯಲ್ಲಿ ಬೇರೊಂದು. ಸಾಕಿದವರಿಂದ ಹಾವು ಬಿಟ್ಟ ಪೊರೆಯನ್ನು ತರಿಸಿಕೊಂಡು ಅದರಿಂದಲೇ ಡಿಎನ್‌ಎ ತೆಗೆದರಂತೆ. ನಾವು ಬದುವಿನ ಮೇಲೆ ದಾಟಿ ಹೋಗುವ ಪೊರೆಯಲ್ಲಿ ಇಷ್ಟೆಲ್ಲ ಬರೆದಿರುತ್ತದೆ.

"ನಮಗೂ ಇಂಥ ಹಾವು ಒಂದು ತರಿಸಿ ಕೊಡ್ರಿ" ಅನ್ನುವ ಹುಡುಗರೂ ಇದ್ದಾರೆ. ಅವರಿಗೆ 2023ರ ಸೆಪ್ಟೆಂಬರಿನ ಸಂಗತಿ ಹೇಳುತ್ತೇನೆ. ಬ್ಯಾಂಕಾಕಿನಿಂದ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಬಂದ ಸಾಮಾನಿನಲ್ಲಿ ಬಗೆಬಗೆ ಬಣ್ಣದ 55 ಬಾಲ್ ಪೈಥಾನ್, 17 ಕಾಳಿಂಗ ಸಿಕ್ಕವು. ಜೊತೆಗಿದ್ದ ಆರು ಮಂಗಗಳು ಸತ್ತೇ ಹೋಗಿದ್ದವು. ಈ ಚೆಂದದ ಬಣ್ಣದ ಬೆಲೆ ಅದು. ನಮ್ಮ ನಾಗರ, ಕೇರೆಗಳನ್ನಂತೂ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಸಾಕುವಂತೆಯೇ ಇಲ್ಲ, ಬಿಳಿಯಾಗಿದ್ದರೂ ಅಷ್ಟೇ.

ನಿಜವಾದ ಆಲ್ಬಿನೊ ನಾಗರವೇ ಎದುರಾದರೂ ಅದರ ವಿಷ ಕರಿ ನಾಗರದ ವಿಷವೇ. ಹಾಲು ಇಡಬೇಡಿ, ಕೋಲೂ ಎತ್ತಬೇಡಿ. ದೂರ ನಿಂತು ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ.